ಯಲಹಂಕ: ನಗರಸಭೆ ಹೋಯಿತು, ಅದರ ಕಾಗದ ಉಳಿಯಿತು

ಯಲಹಂಕ ಬೆಂಗಳೂರಿಗಿಂತ ಹಿರಿಯ ಊರು. ಇಲ್ಲಿನ ನಾಡಪ್ರಭುಗಳ ಮನೆತನದ ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆ, ಪೇಟೆ ಕಟ್ಟಿಸಿ ಅತ್ತ ಹೋದ ಮೇಲೆ ಇಲ್ಲಿ ಉಳಿದದ್ದು ಕೆರೆ, ಹೊಲಗದ್ದೆ, ದೇವಸ್ಥಾನ. ಸುಮಾರು 470 ವರ್ಷ ಕಳೆದು, 2007ರ ಜನವರಿಯಲ್ಲಿ, ಅದೇ ಬೆಂಗಳೂರು ಯಲಹಂಕವನ್ನು ತನ್ನ ನಾಲ್ಕು ವಾರ್ಡುಗಳನ್ನಾಗಿ ಮಾಡಿಕೊಂಡಿತು. ಆ ಸೇರ್ಪಡೆಯಿಂದ ಊರಿನ ಆಡಳಿತದಲ್ಲಿ ಏನು ಬದಲಾಯಿತು, ಇಲ್ಲಿ ಮನೆ, ನಿವೇಶನ ಇರುವವರ ಕಾಗದಪತ್ರಗಳಲ್ಲಿ ತೊಡಕು ಎಲ್ಲಿ ಬರುತ್ತದೆ, ಯಾವ ಕೆಲಸಕ್ಕೆ ಯಾವ ಕಚೇರಿಗೆ ಹೋಗಬೇಕು, ಇವಿಷ್ಟನ್ನು ಬಿಡಿಸಿ ಬರೆಯುವ ಅಗತ್ಯವಿದೆ. ಹೊಸದಾಗಿ ಬಂದು ನೆಲೆಸಿದವರಿಗಂತೂ ಇದನ್ನು ಕೂರಿಸಿಕೊಂಡು ಹೇಳುವವರು ಯಾರೂ ಇಲ್ಲ.

ಊರು ಬೆಳೆದ ಬಗೆ ಮೊದಲು ಗೊತ್ತಿರಬೇಕು, ಏಕೆಂದರೆ ಒಂದೊಂದು ಕಾಲದಲ್ಲಿ ಎದ್ದ ಒಂದೊಂದು ಭಾಗದ ಕಾಗದವೂ ಬೇರೆ. ಹಳೆ ಯಲಹಂಕ ಗ್ರಾಮಠಾಣದ ಊರು, ಅಂದರೆ ಮೊದಲಿನಿಂದಲೂ ಮನೆಗಳಿದ್ದ ಹಳ್ಳಿಯ ವಾಸದ ಜಾಗ. ಚಿಕ್ಕಬಳ್ಳಾಪುರದ ಕಡೆಗೆ ಹಳೆಯ ನ್ಯಾರೋಗೇಜ್ ಹಳಿ ಕವಲೊಡೆಯುತ್ತಿದ್ದ ರೈಲು ಜಂಕ್ಷನ್ ಇಲ್ಲೇ. ಎನ್‌ಇಎಸ್ ಎಂಬ ಬಸ್ ನಿಲ್ದಾಣದ ಹೆಸರು 1953ರಲ್ಲಿ ದೇಶದಾದ್ಯಂತ ಶುರುವಾದ ರಾಷ್ಟ್ರೀಯ ವಿಸ್ತರಣಾ ಸೇವೆಯ ಕಾಲದ್ದು. ಅಭಿವೃದ್ಧಿ ಎಂದರೆ ಬ್ಲಾಕ್ ಕಚೇರಿ, ಗ್ರಾಮಸೇವಕ ಎಂದಿದ್ದ ದಿನಗಳವು. ಆಮೇಲೆ ವಾಯುಪಡೆಯ ನೆಲೆ ಬಂತು. 1984ರಲ್ಲಿ ರೈಲ್ವೆಯ ಗಾಲಿ ಮತ್ತು ಅಚ್ಚು ಕಾರ್ಖಾನೆ ಶುರುವಾಯಿತು. ಅದೇ ದಶಕದಲ್ಲಿ ಕರ್ನಾಟಕ ಗೃಹ ಮಂಡಳಿಯ ಉಪನಗರ ಎದ್ದಿತು. ಜನ ಇಂದಿಗೂ ಅದನ್ನು ನ್ಯೂ ಟೌನ್ ಅನ್ನುತ್ತಾರೆ, ಅಳತೆ ಹಾಕಿ ಮಾಡಿದ ಅಡ್ಡರಸ್ತೆ, ಮುಖ್ಯರಸ್ತೆ, ಉದ್ಯಾನಗಳ ಬಡಾವಣೆ. 1996ರಿಂದ ನಡೆದುಬಂದ ವೈಮಾನಿಕ ಪ್ರದರ್ಶನ ಊರಿನ ಹೆಸರನ್ನು ದೂರದೂರಕ್ಕೆ ಮುಟ್ಟಿಸಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಕಡೆಯ ಹೊಲಗಳೆಲ್ಲ ನಿವೇಶನಗಳಾದವು.

ಸೇರ್ಪಡೆಗೆ ಮೊದಲು ಇಲ್ಲಿದ್ದದ್ದು ಯಲಹಂಕ ನಗರಸಭೆ, 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮದ ಕೆಳಗಿನದು. ಚುನಾಯಿತ ಸದಸ್ಯರು, ಅವರೊಳಗಿಂದ ಅಧ್ಯಕ್ಷ, ಉಪಾಧ್ಯಕ್ಷ; ಸರ್ಕಾರದಿಂದ ಪೌರಾಯುಕ್ತ; ಕೆಳಗೆ ಕಂದಾಯ ನಿರೀಕ್ಷಕ, ಬಿಲ್ ಕಲೆಕ್ಟರ್, ಆರೋಗ್ಯ ನಿರೀಕ್ಷಕ, ನೀರು ಬಿಡುವವರು. 2001ರ ಜನಗಣತಿಯಲ್ಲಿ ಯಲಹಂಕದ ಜನಸಂಖ್ಯೆ ಸುಮಾರು 93 ಸಾವಿರ. ಇಷ್ಟು ಜನರಿರುವ ನಗರಸಭೆಗೆ ಕಾನೂನಿನ ಲೆಕ್ಕದಲ್ಲಿ 31 ಸದಸ್ಯರು. ಚಿಕ್ಕಬಳ್ಳಾಪುರ, ರಾಮನಗರಗಳಲ್ಲಿ ಈ ಸಂಖ್ಯೆಯನ್ನು ನೋಡಬಹುದು. ಅಂದರೆ ಮೂರು ಸಾವಿರ ಜನರಿಗೆ ಒಬ್ಬ ಸದಸ್ಯ. ಅವರ ಮನೆ ಎಲ್ಲಿ ಎಂದು ಬೀದಿಯಲ್ಲಿ ಯಾರನ್ನು ಕೇಳಿದರೂ ತೋರಿಸುವಷ್ಟು ಹತ್ತಿರ.

2007ರಲ್ಲಿ ಏಳು ನಗರಸಭೆಗಳು (ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ರಾಜರಾಜೇಶ್ವರಿನಗರ, ಬೊಮ್ಮನಹಳ್ಳಿ, ಮಹದೇವಪುರ, ಕೃಷ್ಣರಾಜಪುರ), ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಹಳೆಯ ಮಹಾನಗರ ಪಾಲಿಕೆಗೆ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡಲಾಯಿತು. ಇದ್ದ 100 ವಾರ್ಡು 198 ಆದವು. ಯಲಹಂಕದ ಪಾಲಿಗೆ ಬಂದವು ಪಟ್ಟಿಯ ಮೊದಲ ನಾಲ್ಕು: ಕೆಂಪೇಗೌಡ ವಾರ್ಡ್, ಚೌಡೇಶ್ವರಿ ವಾರ್ಡ್, ಅಟ್ಟೂರು, ಯಲಹಂಕ ಉಪನಗರ. ಬಿಬಿಎಂಪಿ ಪ್ರದೇಶದ 2011ರ ಜನಸಂಖ್ಯೆ 84 ಲಕ್ಷ ದಾಟಿತ್ತು. 198ರಿಂದ ಭಾಗಿಸಿದರೆ ವಾರ್ಡಿಗೆ ಸರಾಸರಿ 42 ಸಾವಿರ. ಮೂರು ಸಾವಿರಕ್ಕೊಬ್ಬ ಇದ್ದ ಪ್ರತಿನಿಧಿ 42 ಸಾವಿರಕ್ಕೊಬ್ಬ ಆದರು. ಸೇರ್ಪಡೆಯ ಬಗ್ಗೆ ಎಲ್ಲರೂ ರಸ್ತೆ, ನೀರು, ತೆರಿಗೆ ಎಂದು ಮಾತಾಡುತ್ತಾರೆ. ನಮ್ಮ ಮಟ್ಟಿಗೆ ಊರು ಕಳೆದುಕೊಂಡದ್ದರಲ್ಲಿ ದೊಡ್ಡದು ಈ ಹತ್ತಿರ. ನಗರಸಭೆಯ ಕೈಯಲ್ಲಿ ದುಡ್ಡಿರಲಿಲ್ಲ ಎಂಬುದು ನಿಜ, ಆದರೆ ಮೋರಿ ಕಟ್ಟಿಕೊಂಡರೆ ಬೆಳಿಗ್ಗೆ ಎದ್ದು ಹೋಗಿ ಕೇಳುವುದಕ್ಕೆ ಒಂದು ಮನೆಬಾಗಿಲಿತ್ತು.

ದುಡ್ಡಿರಲಿಲ್ಲ ಎಂಬುದಕ್ಕೆ ಯಲಹಂಕದಲ್ಲಿ ಒಂದು ವಿಶೇಷ ಕಾರಣವೂ ಇದೆ. ಸಂವಿಧಾನದ 285ನೇ ವಿಧಿಯಂತೆ ಕೇಂದ್ರ ಸರ್ಕಾರದ ಆಸ್ತಿಗೆ ಸ್ಥಳೀಯ ಸಂಸ್ಥೆ ಆಸ್ತಿ ತೆರಿಗೆ ಹಾಕುವಂತಿಲ್ಲ. ಈ ಸೀಮೆಯಲ್ಲಿ ರೈಲ್ವೆ ಕಾರ್ಖಾನೆ, ವಾಯುಪಡೆ, ಗಡಿ ಭದ್ರತಾ ಪಡೆ, ಸಿಆರ್‌ಪಿಎಫ್ ಹೀಗೆ ದೊಡ್ಡ ದೊಡ್ಡ ಜಾಗಗಳೆಲ್ಲ ಕೇಂದ್ರದವು. ಅವುಗಳಿಂದ ಕೇಳಬಹುದಾದದ್ದು ಸೇವಾ ಶುಲ್ಕ ಮಾತ್ರ. 2009ರಲ್ಲಿ ಕೇಂದ್ರ ಸರ್ಕಾರವೇ ಹೊರಡಿಸಿದ ಸೂಚನೆಯಂತೆ ಪೂರ್ತಿ ಸೇವೆ ಪಡೆಯುವ ಕಡೆ ಆಸ್ತಿ ತೆರಿಗೆಯ ಶೇ 75, ಅರ್ಧಂಬರ್ಧ ಪಡೆಯುವ ಕಡೆ ಶೇ 50, ಏನೂ ಪಡೆಯದ ಕಡೆ ಮೂರನೇ ಒಂದು ಪಾಲು. ಆ ಸೂಚನೆ ಬರುವ ಹೊತ್ತಿಗೆ ಯಲಹಂಕ ನಗರಸಭೆಯೇ ಇರಲಿಲ್ಲ. ಸಣ್ಣ ಸಂಸ್ಥೆಯೊಂದರ ಎಲ್ಲೆಯೊಳಗೆ ಇಷ್ಟು ಭೂಮಿ ತೆರಿಗೆಯಾಚೆ ಉಳಿದರೆ ಮಿಕ್ಕ ಮನೆಗಳ ತೆರಿಗೆಯಲ್ಲೇ ಬೀದಿದೀಪ, ಕಸ, ಸಂಬಳ ಎಲ್ಲ ಸಾಗಬೇಕು.

ಈಗ ಖಾತೆಯ ವಿಷಯ, ಅಂದರೆ ತೆರಿಗೆಗಾಗಿ ಆಸ್ತಿಯನ್ನು ಪಾಲಿಕೆಯ ವಹಿಯಲ್ಲಿ ಮಾಲೀಕರ ಹೆಸರಿಗೆ ಬರೆದಿಡುವುದು. ಯಲಹಂಕದಲ್ಲಿ ನಿವೇಶನ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ, ಈ ಜಾಗದ ಮೂಲ ಯಾವುದು ಎಂಬುದು. ಗ್ರಾಮಠಾಣವೇ, ಗೃಹ ಮಂಡಳಿಯೇ, ಭೂಪರಿವರ್ತನೆಯಾಗಿ (ಹೊಲವನ್ನು ಬೇಸಾಯೇತರ ಬಳಕೆಗೆ ಬದಲಿಸುವ ಆದೇಶ ಪಡೆದು) ನಕ್ಷೆ ಮಂಜೂರಾದ ಖಾಸಗಿ ಬಡಾವಣೆಯೇ, ಅಥವಾ ಹೊಲವನ್ನು ಹಾಗೇ ಹೋಳು ಮಾಡಿ ಮಾರಿದ ಕಂದಾಯ ನಿವೇಶನವೇ? ಒಂದೊಂದಕ್ಕೂ ತೊಡಕು ಬೇರೆ.

ಗೃಹ ಮಂಡಳಿಯ ನಿವೇಶನದಲ್ಲಿ ಹಂಚಿಕೆ ಪತ್ರ, ಲೀಸ್ ಕಂ ಸೇಲ್ ಕರಾರು (ಮೊದಲು ಗುತ್ತಿಗೆ, ಕಂತು ತೀರಿದ ಮೇಲೆ ಮಾರಾಟ ಎಂಬ ಒಪ್ಪಂದ), ಸ್ವಾಧೀನ ಪತ್ರ, ಕೊನೆಗೆ ಶುದ್ಧ ಕ್ರಯಪತ್ರ ಎಂಬ ಸಾಲು ಇರುತ್ತದೆ. ಹಲವು ಮನೆಗಳಲ್ಲಿ ಕಂತು ಪೂರ್ತಿ ಕಟ್ಟಿದ್ದರೂ ಕೊನೆಯ ಕ್ರಯಪತ್ರ ಮಾಡಿಸಿಕೊಂಡೇ ಇರುವುದಿಲ್ಲ. ಹಂಚಿಕೆ ಪಡೆದವರು ತೀರಿಕೊಂಡ ಮೇಲೆ ಮಕ್ಕಳು ಮಾರಲು ಹೊರಟಾಗ ಇದು ಗೊತ್ತಾಗುತ್ತದೆ. ಆಗ ನೇರವಾಗಿ ಪಾಲಿಕೆಗೆ ಹೋಗಿ ಪ್ರಯೋಜನವಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ಕಂತು ಕಟ್ಟಿದ ರಸೀದಿ ಇಟ್ಟುಕೊಂಡು ಮೊದಲು ಗೃಹ ಮಂಡಳಿಯಲ್ಲಿ ವಾರಸುದಾರರ ಹೆಸರಿಗೆ ಹಂಚಿಕೆ ವರ್ಗಾಯಿಸಿಕೊಳ್ಳಬೇಕು, ಅಲ್ಲಿಂದ ಕ್ರಯಪತ್ರ ನೋಂದಣಿ ಮಾಡಿಸಬೇಕು, ಆಮೇಲೆ ಖಾತೆ. ಈ ಕ್ರಮ ತಪ್ಪಿದರೆ ಅರ್ಜಿ ಕಚೇರಿಯಿಂದ ಕಚೇರಿಗೆ ತಿರುಗುತ್ತಲೇ ಇರುತ್ತದೆ.

ಕಂದಾಯ ನಿವೇಶನಗಳದ್ದು ಬಿ ಖಾತೆಯ ಕಥೆ. ಹೊಲಕ್ಕೆ 1964ರ ಭೂ ಕಂದಾಯ ಅಧಿನಿಯಮದ 95ನೇ ಪ್ರಕರಣದಂತೆ ಭೂಪರಿವರ್ತನೆ ಆಗಿರುವುದಿಲ್ಲ, ಅಥವಾ ಬಡಾವಣೆ ನಕ್ಷೆಗೆ ಮಂಜೂರಾತಿ ಇರುವುದಿಲ್ಲ. ಹಾಗಿದ್ದರೂ ಮನೆ ಎದ್ದಿದೆ, ಜನ ಇದ್ದಾರೆ, ತೆರಿಗೆ ಬೇಕು. ಅದಕ್ಕಾಗಿ ಪಾಲಿಕೆಗಳ ಅಧಿನಿಯಮದ 108ಎ ಪ್ರಕರಣದ ಬಲದಿಂದ ಬೇರೊಂದು ವಹಿಯಲ್ಲಿ ಬರೆದುಕೊಂಡರು, ಅದೇ ಬಿ ವಹಿ. ತೆರಿಗೆ ಕಟ್ಟಿದ ರಸೀದಿ ಜಾಗವನ್ನು ಸಕ್ರಮ ಮಾಡುವುದಿಲ್ಲ ಎಂಬುದು ಆ ಪ್ರಕರಣದಲ್ಲೇ ಇದೆ. ಇಪ್ಪತ್ತು ವರ್ಷದಿಂದ ತಪ್ಪದೆ ಕಂದಾಯ ಕಟ್ಟುತ್ತಿದ್ದೇವೆ, ಹಾಗಾಗಿ ಎಲ್ಲ ಸರಿಯಿದೆ ಎಂದು ನಂಬಿಕೊಂಡವರು ಬಹಳ. ನಗರಸಭೆಯ ಕಾಲದಲ್ಲಿ ಕೊಟ್ಟ ಖಾತಾ ಪ್ರತಿ ಕೈಯಲ್ಲಿದ್ದರೆ ಅದನ್ನು ಜೋಪಾನ ಮಾಡಿ. ಬಿಬಿಎಂಪಿ ಪೂರ್ವದ ದಾಖಲೆ ಎಂದು ಅದಕ್ಕೆ ತೂಕವಿದೆ. ಆದರೆ ಭೂಪರಿವರ್ತನೆ ಆದೇಶ, ಮಂಜೂರಾದ ನಕ್ಷೆ, ಸುಧಾರಣಾ ಶುಲ್ಕದ (ಬಡಾವಣೆಯ ಸೌಕರ್ಯಕ್ಕೆಂದು ಪಾಲಿಕೆಗೆ ಕಟ್ಟುವ ಹಣ) ರಸೀದಿ ಈ ಮೂರೂ ಇವೆಯೇ ಎಂದು ಬೇರೆಯಾಗಿ ನೋಡಿಕೊಳ್ಳಬೇಕು.

2024ರ ಅಕ್ಟೋಬರ್‌ನಿಂದ ಬಿಬಿಎಂಪಿ ವ್ಯಾಪ್ತಿಯ ಆಸ್ತಿ ನೋಂದಣಿಗೆ ಇ-ಖಾತೆ, ಅಂದರೆ ಗಣಕದಲ್ಲಿ ಏರಿಸಿದ ಖಾತೆ, ಕಡ್ಡಾಯವಾಯಿತು. ಮಾಡಬೇಕಾದದ್ದು ಹೀಗೆ. ಇ-ಆಸ್ತಿ ಜಾಲತಾಣದಲ್ಲಿ ನಿಮ್ಮ ಹಳೆಯ ವಾರ್ಡ್ ಆರಿಸಿ ಕರಡು ಖಾತೆಗಳ ಪಟ್ಟಿಯಲ್ಲಿ ಹೆಸರು ಹುಡುಕಿ. ಒಂದು ಬಗೆಯ ಬರವಣಿಗೆಯಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ನೋಡಿ. ಕೈಬರಹದ ವಹಿಯಿಂದ ಏರಿಸುವಾಗ ವೆಂಕಟೇಶಪ್ಪ ವೆಂಕಟೇಶ ಆಗಿರುತ್ತಾರೆ, ತಂದೆಯ ಹೆಸರು ಮಾಲೀಕರ ಜಾಗಕ್ಕೆ ಬಂದಿರುತ್ತದೆ. ಸಿಕ್ಕ ಮೇಲೆ ಆಧಾರ್ ಮೂಲಕ ಗುರುತು ದೃಢೀಕರಿಸಿ, ನೋಂದಾಯಿತ ಕ್ರಯಪತ್ರದ ಸಂಖ್ಯೆ, ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲಿನ ಮಾರಾಟ, ಅಡಮಾನಗಳ ನೋಂದಣಿ ಪಟ್ಟಿ), ಆಸ್ತಿ ತೆರಿಗೆಯ ಅರ್ಜಿ ಸಂಖ್ಯೆ, ಬೆಸ್ಕಾಂ ಖಾತೆ ಸಂಖ್ಯೆ, ಜಾಗದ ಫೋಟೊ ಇವನ್ನೆಲ್ಲ ಸೇರಿಸಬೇಕು. ಋಣಭಾರ ಪತ್ರವನ್ನು ಕ್ರಯಪತ್ರ ನೋಂದಣಿಯಾದ ಹಿಂದಿನ ದಿನದಿಂದ ಇಂದಿನವರೆಗೆ ತೆಗೆಸಿ, ಇಲ್ಲದಿದ್ದರೆ ನಿಮ್ಮ ಸ್ವಂತ ವಹಿವಾಟೇ ಅದರಲ್ಲಿ ಕಾಣುವುದಿಲ್ಲ. ಅರ್ಜಿ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಎರಡು ಕಡೆ: ಆಧಾರ್‌ನಲ್ಲಿರುವ ಹೆಸರು ಕ್ರಯಪತ್ರದ ಹೆಸರಿಗೆ ಹೊಂದದಿರುವುದು, ಮತ್ತು ಅಳತೆ. 30×40 ನಿವೇಶನ ಎಂದರೆ 1,200 ಚದರ ಅಡಿ, ಅಂದರೆ ಸುಮಾರು 111.5 ಚದರ ಮೀಟರ್. ಹಳೆಯ ವಹಿಯಲ್ಲಿ ಅಡಿಯಲ್ಲಿ ಬರೆದದ್ದನ್ನು ಮೀಟರಿನ ಕಲಮಿಗೆ ಹಾಕಿದ್ದರೆ ಇಡೀ ಲೆಕ್ಕ ಕೆಡುತ್ತದೆ. ಮೂಲೆ ನಿವೇಶನಗಳಲ್ಲಿ ನಾಲ್ಕು ಬದಿಯ ಅಳತೆ ಬೇರೆ ಬೇರೆ ಇರುವುದರಿಂದ ಚಕ್ಕುಬಂದಿಯನ್ನು (ನಾಲ್ಕು ದಿಕ್ಕಿನ ಗಡಿ) ಒಮ್ಮೆ ಟೇಪು ಹಿಡಿದು ಅಳೆದು ಆಮೇಲೆ ಅರ್ಜಿ ಹಾಕುವುದು ಕ್ಷೇಮ.

ಆಸ್ತಿ ತೆರಿಗೆ 2008ರಿಂದ ಘಟಕ ಪ್ರದೇಶ ಮೌಲ್ಯದ ಲೆಕ್ಕಕ್ಕೆ ಬಂತು, ಅಂದರೆ ಜಾಗ ಯಾವ ವಲಯದಲ್ಲಿದೆ ಎಂಬುದಕ್ಕೆ ತಕ್ಕಂತೆ ಚದರ ಅಡಿಗೆ ಇಷ್ಟು ಎಂದು ದರ ಕಟ್ಟುವ ಲೆಕ್ಕ. ಲೆಕ್ಕದ ದಾರಿ ತೋರಿಸಲು ಚದರ ಅಡಿಗೆ ತಿಂಗಳಿಗೆ 1.80 ರೂಪಾಯಿ ಎಂದಿಟ್ಟುಕೊಳ್ಳಿ, ಮನೆ 1,000 ಚದರ ಅಡಿ. ವರ್ಷಕ್ಕೆ ಹತ್ತು ತಿಂಗಳು ಮಾತ್ರ ಲೆಕ್ಕ: 18,000. ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಶೇ 9 ಕಳೆದರೆ 16,380. ವಾಸದ ಮನೆಗೆ ಅದರ ಶೇ 20, ಅಂದರೆ 3,276. ಇದರ ಮೇಲೆ ಆರೋಗ್ಯ ಶೇ 15, ಗ್ರಂಥಾಲಯ ಶೇ 6, ಭಿಕ್ಷುಕರ ಪುನರ್ವಸತಿ ಶೇ 3, ಒಟ್ಟು ಶೇ 24 ಉಪಕರ, 786. ಸೇರಿ 4,062 ರೂಪಾಯಿ. ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ. 2025ರ ಏಪ್ರಿಲ್‌ನಿಂದ ಕಸದ ಶುಲ್ಕವೂ ಇದರ ಜೊತೆಗೇ ಬರುತ್ತಿದೆ. ತಪ್ಪಾಗುವುದು ವಲಯದಲ್ಲಿ: ಒಂದೇ ಬಡಾವಣೆಯ ಮುಖ್ಯರಸ್ತೆ ಒಂದು ವಲಯ, ಅಡ್ಡರಸ್ತೆ ಇನ್ನೊಂದು ಆಗಿರಬಹುದು. ಪಕ್ಕದ ಮನೆಯವರನ್ನು ನೋಡಿ ತುಂಬಿದರೆ ವರ್ಷಗಳ ನಂತರ ವ್ಯತ್ಯಾಸದ ಮೊತ್ತ ದಂಡ, ಬಡ್ಡಿ ಸಮೇತ ಬರುತ್ತದೆ.

ಕೆರೆಗಳ ವಿಷಯಕ್ಕೆ ಬಂದರೆ ಯಲಹಂಕದಷ್ಟು ಪಾಠ ಕಲಿಸುವ ಜಾಗ ಬೆಂಗಳೂರಿನಲ್ಲಿ ಕಡಿಮೆ. ಯಲಹಂಕ ಕೆರೆ ತುಂಬಿ ಕೋಡಿ ಬಿದ್ದ ನೀರು ರಾಜಕಾಲುವೆ ಹಿಡಿದು ಜಕ್ಕೂರು, ರಾಚೇನಹಳ್ಳಿಯ ಕಡೆ ಇಳಿಯುತ್ತದೆ. 2021ರ ನವೆಂಬರ್‌ನಲ್ಲಿ ಕೆರೆ ತುಂಬಿ, ಕೆಳಗಿನ ಕಾಲುವೆಗೆ ಅಷ್ಟು ನೀರು ಹಿಡಿಸದೆ, ಕೇಂದ್ರೀಯ ವಿಹಾರ ವಸತಿ ಸಮುಚ್ಚಯ ಮುಳುಗಿತು. 2024ರ ಅಕ್ಟೋಬರ್‌ನಲ್ಲಿ ಮತ್ತೆ ಅದೇ ಆಯಿತು. ಲೆಕ್ಕ ಸರಳ: ಒಂದು ಚದರ ಕಿಲೋಮೀಟರ್ ಜಾಗದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಅದು 10 ಕೋಟಿ ಲೀಟರ್. ಹೊಲವಿದ್ದಾಗ ಅದರಲ್ಲಿ ಬಹುಪಾಲು ಇಂಗುತ್ತಿತ್ತು. ಈಗ ತಾರಸಿ, ಕಾಂಕ್ರೀಟು, ಡಾಂಬರಿನ ಮೇಲೆ ಬಿದ್ದದ್ದು ಕೆಲವೇ ಗಂಟೆಯಲ್ಲಿ ಕಾಲುವೆಗೆ ಬರುತ್ತದೆ, ಕಾಲುವೆಯ ಅಗಲ ಮಾತ್ರ ಹೊಲದ ಕಾಲದ್ದಕ್ಕಿಂತ ಕಿರಿದಾಗಿದೆ.

ಕಾಲುವೆಯ ಹತ್ತಿರದ ಜಾಗ ಕೊಳ್ಳುವ ಮುನ್ನ ಗ್ರಾಮ ನಕ್ಷೆ ತೆಗೆಸಿ ನೋಡಿ. ಪಹಣಿಯಲ್ಲಿ ಬ ಖರಾಬು ಎಂದಿದ್ದರೆ ಅದು ರಸ್ತೆ, ಹಳ್ಳ, ಕೆರೆಯಂಥ ಸಾರ್ವಜನಿಕ ಬಳಕೆಯ ಭೂಮಿ, ಅದನ್ನು ಯಾರೂ ಮಾರುವಂತಿಲ್ಲ. ಅ ಖರಾಬು ಬಂಡೆ, ಕಣದಂಥ ಸಾಗುವಳಿಗೆ ಬಾರದ ಜಾಗ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿದರೆ ಹಳೆಯ ಗಡಿಗಳು ಇಂದಿನ ಉಪಗ್ರಹ ಚಿತ್ರದ ಮೇಲೆ ಕಾಣುತ್ತವೆ. ಕೋರ್ಟಿಗೆ ಅದು ಸಾಕ್ಷಿಯಾಗದಿದ್ದರೂ ಅನುಮಾನ ಹುಟ್ಟಿಸಲು ಸಾಕು. ಕಾಲುವೆಯಿಂದ ಎಷ್ಟು ಬಿಡಬೇಕು ಎಂಬುದಕ್ಕೆ, 2019ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮಾಸ್ಟರ್ ಪ್ಲಾನ್ 2015ರ ಅಳತೆ ಹೀಗಿತ್ತು: ಕೆರೆಗೆ 30 ಮೀಟರ್, ಕಾಲುವೆಯ ನಡುವಿನಿಂದ ಪ್ರಾಥಮಿಕ ಎಂಬ ದೊಡ್ಡ ಕಾಲುವೆಗೆ 50, ಅದಕ್ಕೆ ಸೇರುವ ದ್ವಿತೀಯಕ್ಕೆ 25, ಇನ್ನೂ ಸಣ್ಣ ತೃತೀಯಕ್ಕೆ 15 ಮೀಟರ್. ಕಟ್ಟುವ ದಿನ ಚಾಲ್ತಿಯಲ್ಲಿರುವ ನಿಯಮವನ್ನು ನಗರ ಯೋಜನಾ ವಿಭಾಗದಲ್ಲಿ ಬರಹದಲ್ಲೇ ಕೇಳಿ ಪಡೆಯಿರಿ.

ಮಳೆಯಲ್ಲಿ ಮ್ಯಾನ್‌ಹೋಲ್ ಉಕ್ಕುವುದಕ್ಕೆ ಕಾರಣ ಬಹಳ ಸಲ ನಮ್ಮ ತಾರಸಿಯೇ. ಮಳೆನೀರಿನ ಪೈಪನ್ನು ಒಳಚರಂಡಿಗೆ ಸೇರಿಸಿದ ಮನೆಗಳು ಒಂದು ಬೀದಿಯಲ್ಲಿ ಐದಾರಿದ್ದರೂ ಸಾಕು, ಕೊಳಚೆ ತಗ್ಗಿನ ಮನೆಯ ಬಚ್ಚಲಿಗೆ ಹಿಂದಿರುಗುತ್ತದೆ. ಜಲಮಂಡಳಿಯ ನಿಯಮದಂತೆ ತಾರಸಿಯ ಪ್ರತಿ ಚದರ ಮೀಟರಿಗೆ 60 ಲೀಟರ್ ಹಿಡಿಯುವ ಅಥವಾ ಇಂಗಿಸುವ ವ್ಯವಸ್ಥೆ ಬೇಕು. 80 ಚದರ ಮೀಟರ್ ತಾರಸಿಗೆ 4,800 ಲೀಟರ್. ಮೂರಡಿ ಅಗಲ, ಇಪ್ಪತ್ತಡಿ ಆಳದ ಇಂಗುಬಾವಿಯೊಂದಕ್ಕೆ ಸುಮಾರು 4,000 ಲೀಟರ್ ಹಿಡಿಯುತ್ತದೆ, ಉಳಿದ 800 ಲೀಟರಿಗೆ ಒಂದು ತೊಟ್ಟಿ ಬೇಕು.

ಜಕ್ಕೂರು ಕೆರೆ ಇನ್ನೊಂದು ಬಗೆಯ ಉದಾಹರಣೆ. ಮೇಲಿಂದ ಬರುವ ಕೊಳಚೆಯನ್ನು ಶುದ್ಧೀಕರಿಸಲು ಜಲಮಂಡಳಿ ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯದ ಘಟಕ ಕಟ್ಟಿತು. ಅದರಿಂದ ಹೊರಬಂದ ನೀರು ಜೊಂಡು, ಆಪು ಬೆಳೆದ ಜೌಗಿನ ಮೂಲಕ ಹಾದು ಕೆರೆಗೆ ಸೇರುತ್ತದೆ. ಘಟಕದಲ್ಲಿ ಉಳಿದ ಸಾರಜನಕ, ರಂಜಕವನ್ನು ಜೌಗಿನ ಗಿಡಗಳು ಹೀರಿಕೊಳ್ಳುತ್ತವೆ. ಆ ಗಿಡಗಳನ್ನು ಆಗಾಗ ಕೊಯ್ದು ಹೊರಗೆ ಸಾಗಿಸಬೇಕು. ಅಲ್ಲೇ ಕೊಳೆಯಲು ಬಿಟ್ಟರೆ ಹೀರಿದ್ದೆಲ್ಲ ಮತ್ತೆ ನೀರಿಗೇ. ಇಂಥ ಕೆಲಸವನ್ನು ವರ್ಷಗಟ್ಟಲೆ ಬೆನ್ನುಬಿಡದೆ ಗಮನಿಸುವವರು ಕೆರೆಯ ಸುತ್ತಲಿನ ಜನರೇ. ಯಲಹಂಕದ ಪುಟ್ಟೇನಹಳ್ಳಿ ಕೆರೆ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ಅದು ಅರಣ್ಯ ಇಲಾಖೆಯ ಕೈಯಲ್ಲಿದೆ, ಹಾಗಾಗಿ ಅಲ್ಲಿನ ದೂರು ಪಾಲಿಕೆಗೆ ಕೊಟ್ಟರೆ ಮುಂದೆ ಹೋಗುವುದಿಲ್ಲ. ಕೆರೆಗೆ ಕೊಳಚೆ ಬರದಂತೆ ಸುತ್ತ ಕಾಲುವೆ ತಿರುಗಿಸುವಾಗ ಮಳೆನೀರಿನ ದಾರಿ ಉಳಿಸದಿದ್ದರೆ ಕೆರೆ ಒಣಗುತ್ತದೆ. ಕೆರೆ ಕೆಲಸದ ನಕ್ಷೆ ನೋಡಲು ಸಿಕ್ಕಾಗ ಮೊದಲು ಹುಡುಕಬೇಕಾದದ್ದು ಒಳಹರಿವು ಎಲ್ಲಿದೆ ಎಂಬುದನ್ನು.

ಯಾವ ದೂರು ಎಲ್ಲಿಗೆ ಎಂಬುದು ಈ ಊರಿನಲ್ಲಿ ನಿಜಕ್ಕೂ ಕಷ್ಟದ ವಿಷಯ. ನಗರಸಭೆ ಇದ್ದಾಗ ಕೊಳವೆಬಾವಿ ನೀರೂ ಬೀದಿದೀಪವೂ ಒಂದೇ ಕಟ್ಟಡದಲ್ಲಿ ಮುಗಿಯುತ್ತಿದ್ದವು. ಈಗ ಕಾವೇರಿ ನೀರು, ಒಳಚರಂಡಿ ಜಲಮಂಡಳಿಗೆ, ಫೋನ್ ಸಂಖ್ಯೆ 1916. ಕರೆಂಟು ಬೆಸ್ಕಾಂಗೆ, 1912. ಬೀದಿದೀಪ, ಗುಂಡಿ, ಮಳೆನೀರು ಕಾಲುವೆ ಪಾಲಿಕೆಗೆ, 1533. ಕಸಕ್ಕೆ ಬೇರೊಂದು ಕಂಪನಿಯೇ ಇದೆ. ಬಳ್ಳಾರಿ ರಸ್ತೆ ರಾಷ್ಟ್ರೀಯ ಹೆದ್ದಾರಿ, ದೊಡ್ಡಬಳ್ಳಾಪುರ ರಸ್ತೆ ರಾಜ್ಯ ಹೆದ್ದಾರಿ, ಪಹಣಿ ಮ್ಯುಟೇಶನ್ (ಪಹಣಿಯಲ್ಲಿ ಮಾಲೀಕರ ಹೆಸರು ಬದಲಿಸುವುದು) ಯಲಹಂಕ ತಾಲ್ಲೂಕು ಕಚೇರಿ. ಮೋರಿಯಲ್ಲಿ ಹರಿಯುವುದು ಕೊಳಚೆಯಾದರೆ ಜಲಮಂಡಳಿ, ಮಳೆನೀರಾದರೆ ಪಾಲಿಕೆ. ಎರಡೂ ಬೆರೆತಿದ್ದರೆ ಇಬ್ಬರಿಗೂ ಒಂದೇ ದಿನ ಒಂದೇ ಫೋಟೊದೊಂದಿಗೆ ದೂರು ಕೊಟ್ಟು, ಒಬ್ಬರ ದೂರಿನ ಸಂಖ್ಯೆಯನ್ನು ಇನ್ನೊಬ್ಬರ ದೂರಿನಲ್ಲಿ ನಮೂದಿಸಿ. ಹಾಗೆ ಮಾಡಿದರೆ ಇದು ನಮ್ಮದಲ್ಲ ಎಂದು ದೂರು ಮುಚ್ಚುವುದು ಇಬ್ಬರಿಗೂ ಸುಲಭವಾಗುವುದಿಲ್ಲ.

ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದ ಮೇಲೆ ಆಡಳಿತಾಧಿಕಾರಿಗಳ ಕಾಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಿರಬೇಕು ಎಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. 2025ರ ಮೇ ತಿಂಗಳಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂದು, ಸೆಪ್ಟೆಂಬರ್ 2ರಿಂದ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳಾದವು. ಯಲಹಂಕ ಬೆಂಗಳೂರು ಉತ್ತರ ನಗರ ಪಾಲಿಕೆಗೆ ಸೇರಿತು. ಐದೂ ಪಾಲಿಕೆಗಳು ಶುರುವಾದದ್ದು ಚುನಾಯಿತ ಸದಸ್ಯರಿಲ್ಲದೆಯೇ. ಒಟ್ಟು 369 ವಾರ್ಡು, ಉತ್ತರಕ್ಕೆ 72. 2011ರ ಜನಸಂಖ್ಯೆಯಲ್ಲೇ ಭಾಗಿಸಿದರೂ ವಾರ್ಡಿಗೆ ಸುಮಾರು 23 ಸಾವಿರ. 42 ಸಾವಿರಕ್ಕಿಂತ ಒಳ್ಳೆಯದು, ಮೂರು ಸಾವಿರಕ್ಕೆ ಬಹಳ ದೂರ.

ಈ ಕೊರತೆಯನ್ನು ತುಂಬಬೇಕಾದದ್ದು ವಾರ್ಡ್ ಸಮಿತಿ. ಹಳೆಯ ನಿಯಮದಲ್ಲಿ ಅದಕ್ಕೆ ಹತ್ತು ಸದಸ್ಯರು, ಅವರಲ್ಲಿ ಮೂವರಾದರೂ ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು, ತಿಂಗಳಿಗೊಂದು ಸಭೆ. ಸಭೆಗೆ ಹೋಗುವವರು ರಸ್ತೆ ಕೆಟ್ಟಿದೆ ಎಂದು ಹೇಳಿ ಬರುವುದರ ಬದಲು ಮೂರು ಕಾಗದ ಕೇಳಬೇಕು: ಈ ವರ್ಷ ವಾರ್ಡಿಗೆ ಮಂಜೂರಾದ ಕಾಮಗಾರಿಗಳ ಪಟ್ಟಿ, ಪ್ರತಿ ಕಾಮಗಾರಿಯ ಅಂದಾಜುಪಟ್ಟಿ, ಹಿಂದಿನ ಸಭೆಯ ನಡಾವಳಿ. ನಡಾವಳಿಯಲ್ಲಿ ಬರೆಯದ ಮಾತು ಆಡಿದ ಹಾಗೇ ಅಲ್ಲ. ಅಂದಾಜುಪಟ್ಟಿಯಲ್ಲಿ ಚರಂಡಿಯ ಉದ್ದ, ಅಗಲ, ಇಳಿಜಾರು ಇರುತ್ತದೆ. ಟೇಪು ಹಿಡಿದು ಅಳೆದರೆ ಬಿಲ್ಲಿಗೂ ಕೆಲಸಕ್ಕೂ ಇರುವ ಅಂತರ ಅಲ್ಲೇ ಗೊತ್ತಾಗುತ್ತದೆ.

ವಾರ್ಡುಗಳ ಗಡಿ ಹೊಸದಾಗಿ ಎಳೆದಿರುವುದರಿಂದ ಹಳೆಯ ಕೆಂಪೇಗೌಡ ವಾರ್ಡು, ಅಟ್ಟೂರು ವಾರ್ಡು ಎಂಬ ನೆನಪಿನ ಮೇಲೆ ಹೋಗಬೇಡಿ. ಗಡಿಯ ವಿವರದಲ್ಲಿ ನಿಮ್ಮ ಅಡ್ಡರಸ್ತೆಯ ಹೆಸರು ಎಲ್ಲಿ ಬಂದಿದೆ ನೋಡಿ, ಮತದಾರರ ಪಟ್ಟಿಯಲ್ಲಿ ಮನೆಯ ಎಲ್ಲರ ಹೆಸರೂ ಅದೇ ವಾರ್ಡಿನಲ್ಲಿದೆಯೇ ಪರೀಕ್ಷಿಸಿ. ರಸ್ತೆಯ ಎಡಬದಿ ಒಂದು ವಾರ್ಡು, ಬಲಬದಿ ಇನ್ನೊಂದು ಆಗಿರುವ ಕಡೆ ಒಂದೇ ಮನೆಯ ಹೆಸರುಗಳು ಎರಡು ಪಟ್ಟಿಗೆ ಹಂಚಿಹೋಗುತ್ತವೆ. ಕರಡು ಪಟ್ಟಿ ಹೊರಬಿದ್ದ ದಿನದಿಂದ ಆಕ್ಷೇಪಣೆಯ ಗಡುವಿನೊಳಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಂತಿಮ ಪಟ್ಟಿ ಬಂದ ಮೇಲೆ ತಿದ್ದಿಸುವುದು ಬಹಳ ತಡವಾಗುತ್ತದೆ.